ಉಲಿ ಬಂತು

ಬಟ್ಟೆ ಒಣಗಿಸುವ ತಂತಿಯ ಮೇಲೆ, ನನ್ನ ಎರಡು ವಾಯಿಲ್ ಸೀರೆಗಳ ನಡುವೆ, ಗೇಣುದ್ದದ ಬೂದು ಬಣ್ಣದ ಪ್ರಾಣಿಯೊಂದು ಕ್ಲಿಪ್ಪಿಗೆ ಸಿಕ್ಕಿ ನೇತಾಡುತ್ತಿತ್ತು. ಮೈತುಂಬ ಕೂದಲು. ತಲೆ ಯಾವುದು, ಬಾಲ ಯಾವುದು, ಗೊತ್ತಾಗುವಂತಿರಲಿಲ್ಲ. ಬೆಳಗಿನ ಹಾಲು ತಂದ ಪುಟ್ಟತಾಯಿ ಕ್ಯಾನು ಕೆಳಗಿಟ್ಟು, ಕಡ್ಡಿಪೊರಕೆ ಕೈಗೆತ್ತಿಕೊಂಡು, ಮೆಲ್ಲಗೆ ಹತ್ತಿರ ಹೋಗಿ ಅದಕ್ಕೆ ಎರಡು ಬಾರಿಸಿಯೇಬಿಟ್ಟಳು. ಅದು ಸಾಯಲಿಲ್ಲ, ಓಡಲೂ ಇಲ್ಲ. ಪೊರಕೆಯ ತುದಿಯಿಂದ ಅದನ್ನು ತಿರುಗಿಸಿ ನೋಡಿದವಳು, ಮುಂಗುಸಿಯನ್ನು ಒಗೆದು ಒಣಹಾಕುವ ಪದ್ಧತಿಯನ್ನು ಯಾವ ಕಾನ್ವೆಂಟಿನಲ್ಲಿ ಕಲಿತಿರಿ ಎಂದು ಅಡುಗೆಮನೆಯ ಕಿಟಕಿಯಲ್ಲಿದ್ದ ನನ್ನನ್ನು ಕೇಳಿದಳು.

ಅದು ಮುಂಗುಸಿಯಲ್ಲ, ಮೈಕಿನ ಅಂಗಿ. ಗಾಳಿ ಸೀದಾ ಮೈಕಿಗೆ ಹೊಡೆದರೆ ಭರ್ರೋ ಎನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲವಂತೆ. ಈ ಅಂಗಿ ತೊಡಿಸಿದರೆ ಗಾಳಿಯೆಲ್ಲ ಕೂದಲಿನಲ್ಲಿ ಸಿಕ್ಕಿಹಾಕಿಕೊಂಡು, ಮಾತು ಮಾತ್ರ ಸೋಸಿದ ಹಾಲಿನ ಹಾಗೆ ಒಳಗಿಳಿಯುತ್ತದಂತೆ. ಹಿಂದಿನ ಸಂಜೆ ಅದರ ಮೇಲೆ ನಾನೇ ಕಾಫಿ ಚೆಲ್ಲಿದ್ದರಿಂದ ಒಗೆದು ಹಾಕಬೇಕಾಯಿತು. ಎಪ್ಪತ್ತೈದು ದಾಟಿದ ಮೇಲೆ ಮನುಷ್ಯ ಏನೇನೆಲ್ಲ ಒಗೆಯಬೇಕಾಗುತ್ತದೆ ನೋಡಿ.

ಈ ಅಂಗಿ, ಮೈಕು, ಕ್ಯಾಮೆರಾ ಎಲ್ಲವನ್ನೂ ಹೊತ್ತುಕೊಂಡು ಪಾಂಡವಪುರದ ನನ್ನ ಮನೆಗೆ ಬಂದಿಳಿದವಳು ಮೈತ್ರಿ. ನನ್ನ ತಂಗಿ ಸರೋಜಳ ಮೊಮ್ಮಗಳು, ಹಾಗಾಗಿ ನನ್ನನ್ನು ದೊಡ್ಡಜ್ಜಿ ಎನ್ನುತ್ತಾಳೆ. ಮೈಸೂರಿನಲ್ಲಿ ಡಿಗ್ರಿ ಮುಗಿಸಿದ್ದಾಳೆ. ಸಿನಿಮಾ ಕಲಿಸುವ ಶಾಲೆಗೆ ಸೇರಬೇಕೆಂಬುದು ಅವಳ ಹಟ. ಹೋದ ವರ್ಷ ಅರ್ಜಿ ಹಾಕಿ, ಸಂದರ್ಶನದವರೆಗೆ ಹೋಗಿ ವಾಪಸಾಗಿದ್ದಳು. ಅಲ್ಲಿ ಒಬ್ಬರು ಬಹಳ ಮರ್ಯಾದೆಯಿಂದ, ನಿನ್ನ ಚಿತ್ರ ನೋಡೋದಕ್ಕೆ ಚೆನ್ನಾಗಿದೆಯಮ್ಮ, ಆದರೆ ಕಣ್ಣು ಮುಚ್ಚಿಕೊಂಡರೆ ಏನೂ ಇಲ್ಲ ಎಂದರಂತೆ. ಈ ವರ್ಷ ಮೂರು ನಿಮಿಷದ ಓಪನಿಂಗ್ ಸೀನ್ ಒಂದನ್ನೇ ತೆಗೆದು ಕಳಿಸಬೇಕು. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ. ಈ ಸಲವೂ ಆಗದಿದ್ದರೆ ಅಪ್ಪ ಹೇಳಿದ ಹಾಗೆ ಬ್ಯಾಂಕಿನ ಪರೀಕ್ಷೆಗೆ ಕೂರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಳು. ಅವಳು ಬಂದದ್ದು ಶುಕ್ರವಾರ.

ಬ್ಯಾಂಕಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಹುಡುಗಿ ನನ್ನ ಮನೆಗೆ ಬಂದರೆ ಮೊದಲು ಮಾಡುವ ಕೆಲಸ, ಪ್ರತಿ ಬಾಗಿಲನ್ನೂ ತೆಗೆದು ಮುಚ್ಚಿ ಯಾವುದು ಹೇಗೆ ಕಿರುಗುಟ್ಟುತ್ತದೆಂದು ಕೇಳುವುದು. ಅಂಥವಳನ್ನು ಕೌಂಟರಿನ ಹಿಂದೆ ಕೂರಿಸಿದರೆ ಬ್ಯಾಂಕಿಗೇ ಕಷ್ಟ.

ಓಪನಿಂಗ್ ಸೀನ್ ಎಂದಾಗ ನನಗೆ ನಗು ಬಂತು. ಯಾಕೆಂದರೆ ಹತ್ತು ವರ್ಷದವರೆಗೆ ನಾನು ಯಾವ ಸಿನಿಮಾದ ಆರಂಭವನ್ನೂ ನೋಡಿದವಳಲ್ಲ. ಕೇಳಿದ್ದೇನೆ, ನೋಡಿಲ್ಲ.

ನಮ್ಮದು ಹೊಸಹೊಳಲು. ಸಿನಿಮಾ ಟೆಂಟು ಇದ್ದದ್ದು ಕೆ.ಆರ್. ಪೇಟೆಯಲ್ಲಿ. ಟೆಂಟಿನ ಮೇಲಿನ ಲೌಡ್‌ಸ್ಪೀಕರಿನಲ್ಲಿ ದೇವರ ಹಾಡಿನ ರೆಕಾರ್ಡು ಹಾಕಿದರೆಂದರೆ ಇನ್ನೇನು ಆಟ ಶುರು ಎಂದು ಸುತ್ತಲ ಹಳ್ಳಿಗಳಿಗೆಲ್ಲ ಸುದ್ದಿ. ಬುದ್ಧಿ ಇದ್ದವರು ಅದಕ್ಕೆ ಮುಂಚೆಯೇ ಹೋಗಿ ಮರಳು ಗುಡ್ಡೆ ಮಾಡಿಕೊಂಡು ಕೂತಿರುತ್ತಿದ್ದರು. ನಮ್ಮ ಚೆಲುವತ್ತೆ, ಅಂದರೆ ಅಪ್ಪನ ಅಕ್ಕ, ಆ ಹಾಡು ಕೇಳಿದ ಮೇಲೆ ಹಸು ಕರೆಯಲು ಕೂರುತ್ತಿದ್ದರು. ದೇವರೇ ಕರೆಯುತ್ತಿದ್ದರೂ ಹಸುವನ್ನು ಅರ್ಧಕ್ಕೆ ಬಿಟ್ಟು ಏಳುವ ಹೆಂಗಸಲ್ಲ. ಹಾಲು ಒಳಗಿಟ್ಟು, ದೀಪ ಹಚ್ಚಿ, ಸೆರಗಿನಲ್ಲಿ ಹುರಿಗಡಲೆ ಕಟ್ಟಿಕೊಂಡು, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಸರೋಜಳನ್ನೂ ಹಿಡಿದುಕೊಂಡು ಹೊರಡುವಷ್ಟರಲ್ಲಿ ಹಾಡು ನಿಂತು ಊರಿಗೆ ಊರೇ ಖಾಲಿಯಾಗಿರುತ್ತಿತ್ತು.

ಕೊನೆಯ ಅರ್ಧ ಮೈಲಿಯಲ್ಲಿ ಗಾಳಿ ನಮ್ಮ ಕಡೆಗಿದ್ದರೆ ಸಿನಿಮಾ ಕೇಳಿಸತೊಡಗುತ್ತಿತ್ತು. ಗದ್ದೆ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು, ಸಂಜೆಗೆಂಪು, ಎದುರಿಗೆ ಚಿತ್ರವಿಲ್ಲ, ಪರದೆಯಿಲ್ಲ. ಕುದುರೆಯ ಗೊರಸಿನ ಸದ್ದು ಮಾತ್ರ. ಅದು ನಿಲ್ಲುತ್ತಿತ್ತು. ಏನೂ ಇಲ್ಲ. ಕಪ್ಪೆ ವಟಗುಟ್ಟುತ್ತಿದ್ದವು, ಅವು ಸಿನಿಮಾದವೋ ನಮ್ಮ ಗದ್ದೆಯವೋ ಹೇಳುವಂತಿರಲಿಲ್ಲ. ಆಮೇಲೆ ಒಬ್ಬ ಹೆಂಗಸು ಚಿಟ್ಟನೆ ಚೀರುತ್ತಿದ್ದಳು. ಸರೋಜ ಅಲ್ಲೇ ನಿಂತುಬಿಡುತ್ತಿದ್ದಳು. "ಅಕ್ಕಾ, ಯಾರು ಸತ್ರು?" ಎನ್ನುತ್ತಿದ್ದಳು ನನ್ನ ಲಂಗ ಹಿಡಿದು. ನನಗೇನು ಗೊತ್ತು? ಆದರೆ ಚೆಲುವತ್ತೆಗೆ ಎಲ್ಲ ಗೊತ್ತು. ನಡಿಗೆ ನಿಲ್ಲಿಸದೆಯೇ, "ಅಪ್ಪನ್ನ ಒಡ್ದಾಕ್ಬುಟ್ರು. ಮಗೀನ ಎತ್ಕಂಡೋಗ್ತಾವ್ರೆ. ನಡೀರೇ ಬಿರ್ನೆ," ಎನ್ನುತ್ತಿದ್ದರು. ನಾವು ಟೆಂಟಿನೊಳಗೆ ಹೋಗಿ ಮರಳಿನ ಮೇಲೆ ಕೂರುವ ವೇಳೆಗೆ ಆ ಮಗು ಬೆಳೆದು, ಮೀಸೆ ಬಂದು, ತೋಟದಲ್ಲಿ ಹಾಡುತ್ತಿರುತ್ತಿತ್ತು. ಮುಂದೆ ಕೂತವಳ ಬೆನ್ನು ತಟ್ಟಿ ಇಲ್ಲಿವರೆಗೆ ಏನಾಯಿತೆಂದು ಕೇಳಿದರೆ, ಅವಳು ತಿರುಗಿಯೂ ನೋಡದೆ ಅತ್ತೆ ಹೇಳಿದ್ದನ್ನೇ ಹೇಳುತ್ತಿದ್ದಳು.

ಹೀಗಾಗಿ ನನ್ನ ಬಾಲ್ಯದ ಭಯವೆಲ್ಲ ಕಿವಿಯಿಂದ ಬಂದದ್ದು. ಪರದೆಯ ಮೇಲಿನ ಖಳನಾಯಕರನ್ನು ಕಂಡು ನಾನು ಹೆದರಿದ್ದೇ ಇಲ್ಲ. ಬದುವಿನ ಮೇಲೆ ಕೇಳಿಸಿದ ಗೊರಸು ನಿಂತಿತಲ್ಲ, ಆ ನಿಂತದ್ದಕ್ಕೆ ಹೆದರಿದ್ದೇನೆ.

ಅಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಬೇಕೆಂಬ ಆಸೆ ಹುಟ್ಟಿ, ಹತ್ತನೇ ವಯಸ್ಸಿಗೆ ನನ್ನನ್ನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದರು. ಒಂದು ಸಲ ಸಿಸ್ಟರ್ ಆಗ್ನೆಸ್ ನಮ್ಮನ್ನೆಲ್ಲ ಸಾಲಾಗಿ ಮ್ಯಾಟಿನಿಗೆ ಕರೆದುಕೊಂಡು ಹೋದರು. ಸಿಸ್ಟರ್ ಬಹಳ ಪಂಕ್ಚುಯಲ್. ಆಟಕ್ಕೆ ಅರ್ಧ ಗಂಟೆ ಮೊದಲೇ ಕೂರಿಸಿದರು. ಬದುಕಿನಲ್ಲಿ ಮೊದಲ ಬಾರಿಗೆ ಸಿನಿಮಾದ ಆರಂಭ ನೋಡುತ್ತೇನೆಂದು ಕಣ್ಣು ಪಿಳುಕಿಸದೆ ಕೂತರೆ, ಬಂದದ್ದು ಬರೀ ಹೆಸರುಗಳು. ಇಷ್ಟೇನಾ, ಇದಕ್ಕಾಗಿ ಊರಿನವರು ಓಡುತ್ತಿದ್ದರಾ ಎಂದು ಅಳು ಬರುವ ಹಾಗಾಯಿತು. ಅಷ್ಟರಲ್ಲಿ ಹೆಸರುಗಳು ಮುಗಿದು ಒಂದು ಖಾಲಿ ಕೋಣೆ ಬಂತು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಯಾಮೆರಾ ಇರುವೆಯ ಹಾಗೆ ನಿಧಾನವಾಗಿ ಬಾಗಿಲ ಕಡೆಗೆ ಹೋಗುತ್ತಿತ್ತು. ಒಂದು ತೊಟ್ಟು. ಇನ್ನೊಂದು ತೊಟ್ಟು. ಮೂರನೆಯದು ಬರಲಿಲ್ಲ. ನಾನು ಕುರ್ಚಿಯ ಕೆಳಗೆ ಇಳಿದುಬಿಟ್ಟೆ. ಚಿತ್ರದ ಹೆಸರು ಕೇಳಬೇಡಿ, ಮರೆತಿದ್ದೇನೆ. ನಿಜ ಹೇಳಬೇಕೆಂದರೆ ಉಳಿದ ಚಿತ್ರವನ್ನು ನಾನು ಸಿಸ್ಟರ್ ಅವರ ಬಿಳಿ ಷೂ ಪಕ್ಕದಿಂದಲೇ ಕೇಳಿಸಿಕೊಂಡೆ.

ಇದನ್ನೆಲ್ಲ ಹೇಳಿದಾಗ ಮೈತ್ರಿ ನೋಟ್‌ಬುಕ್ ತೆಗೆದು ಬರೆದುಕೊಂಡಳು. ನನ್ನ ಜೀವನದಲ್ಲಿ ನನ್ನ ಮಾತನ್ನು ತಾನಾಗಿ ಬರೆದುಕೊಂಡ ಮೊದಲ ವಿದ್ಯಾರ್ಥಿ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ, ಉಳಿದವರಿಗೆಲ್ಲ ಡಿಕ್ಟೇಷನ್ ಕೊಡಬೇಕಾಯಿತು.

ಅವಳ ಸೀನ್ ಹೀಗಿತ್ತು. ಮಧ್ಯಾಹ್ನ. ಒಬ್ಬ ಹೆಂಗಸು ಹಿತ್ತಲ ಬಾಗಿಲಿಗೆ ಎದುರಾಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಬಾಗಿಲಾಚೆ ಬಿಸಿಲು, ಅದರಾಚೆ ಆಳೆತ್ತರದ ಕಬ್ಬಿನ ಗದ್ದೆ. ಕಾಳು ಒಂದೊಂದಾಗಿ ಸ್ಟೀಲ್ ಬೋಸಿಗೆ ಬೀಳುತ್ತದೆ. ಗಿಣಿಗಳ ಗಲಾಟೆ, ಪಕ್ಕದ ಮನೆಯ ಮಿಕ್ಸಿ, ದೂರದಲ್ಲಿ ಒಂದು ಕರು. ಆಮೇಲೆ ಒಂದೊಂದೇ ಸದ್ದು ಹೋಗುತ್ತದೆ. ಮಿಕ್ಸಿ ನಿಂತಿತು, ಅದು ಸಹಜ. ಕರು ಸುಮ್ಮನಾಯಿತು, ಅದೂ ಸಹಜ. ಗಿಣಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ಅದು ಸಹಜವಲ್ಲ. ಹೆಂಗಸಿನ ಕೈ ನಿಲ್ಲುತ್ತದೆ. ಕ್ಯಾಮೆರಾ ಅವಳ ಮುಖ ತೋರಿಸುವುದಿಲ್ಲ, ಗದ್ದೆಗೂ ಹೋಗುವುದಿಲ್ಲ. ನೆಲದಿಂದ ಮೊಳದೆತ್ತರದಲ್ಲಿ, ಅವಳ ಕೈ, ಬೋಸಿ, ಹೊಸಿಲು ಇಷ್ಟನ್ನೇ ಇಟ್ಟುಕೊಂಡು ಬಾಗಿಲ ಕಡೆ ತೆವಳುತ್ತದೆ. ಆಗ ಅವಳು ಕೂಗುತ್ತಾಳೆ. ಅಷ್ಟೇ.

ಪ್ರಾಣಿಯನ್ನು ತೋರಿಸುವುದೇ ಇಲ್ಲವಾ ಎಂದು ಕೇಳಿದೆ. "ತೋರಿಸಿದರೆ ಅದು ಒಂದು ಚಿರತೆ ಅಷ್ಟೇ ಆಗುತ್ತೆ ದೊಡ್ಡಜ್ಜಿ. ತೋರಿಸದಿದ್ದರೆ ನೋಡುವವರು ತಮಗೆ ಎಷ್ಟು ದೊಡ್ಡದು ಬೇಕೋ ಅಷ್ಟು ದೊಡ್ಡದು ಮಾಡಿಕೊಳ್ತಾರೆ," ಎಂದಳು. ಚೆಲುವತ್ತೆ ಇದ್ದಿದ್ದರೆ ಈ ಹುಡುಗಿಯನ್ನು ಎತ್ತಿ ಮುದ್ದಾಡುತ್ತಿದ್ದರು.

ಕಬ್ಬಿನ ಗದ್ದೆಗೆ ಚಿರತೆ ಬರುವುದು ನಮ್ಮ ಕಡೆ ಕಟ್ಟುಕಥೆಯೇನಲ್ಲ. ಆಗಾಗ ಬೋನು ಇಡುತ್ತಾರೆ, ಒಳಗೆ ನಾಯಿ ಕಟ್ಟುತ್ತಾರೆ, ಚಿರತೆ ಬೋನಿನ ಹೊರಗೆ ಸುತ್ತಿ ಹೋಗುತ್ತದೆ. ಆ ಕೂಗಿಗೆ ಪುಟ್ಟತಾಯಿಯೇ ಸರಿ ಎಂದು ಮೈತ್ರಿ ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ಪುಟ್ಟತಾಯಿ ಮೂವತ್ತು ವರ್ಷದಿಂದ ನನಗೆ ಹಾಲು ಹಾಕುವವಳು, ಅರ್ಧ ದಿನ ನನ್ನ ಅಡುಗೆಮನೆಯನ್ನೂ ನನ್ನನ್ನೂ ಆಳುವವಳು. ಹುಟ್ಟಿದ್ದು ಬಿಂಡಿಗನವಿಲೆ ಕಡೆಯ ಕುರಿ ಸಾಕುವ ಮನೆಯಲ್ಲಿ. ಬಯಲಿನಲ್ಲಿ ಕುರಿ ಕರೆದು ಬೆಳೆದ ಗಂಟಲು, ಪಾಂಡವಪುರದಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ರೈಟ್ ಹೇಳುವುದನ್ನು ನಿಲ್ಲಿಸಬೇಕು, ಹಾಗೆ. ಅವರೆಕಾಯಿಯನ್ನಂತೂ ಅವಳು ಹೇಗೂ ಬಿಡಿಸುತ್ತಾಳೆ. ಸ್ಕ್ರಿಪ್ಟಿನಲ್ಲಿ ಚಿರತೆ ಎಂದಿದ್ದುದನ್ನು ಅವಳೇ ತಿದ್ದಿದಳು. "ಚಿರ್ತೆ ಅಂತ ಟೀವಿಯೋರು ಅಂತಾರೆ ಕಣವ್ವ. ನಾವು ಯಾವ್ದು ಬಂದ್ರೂ ಉಲಿ ಅಂತೀವಿ," ಎಂದಳು. ಮೈತ್ರಿ ಒಪ್ಪಿ ಚಿರತೆ ಎಂದಿದ್ದುದನ್ನು ಹೊಡೆದುಹಾಕಿ ಹುಲಿ ಎಂದು ಬರೆದಳು.

ಶನಿವಾರ ಮಧ್ಯಾಹ್ನ ಮೊದಲ ಟೇಕ್. ಅಡುಗೆ ಗ್ಯಾಸಿನ ಸಿಲಿಂಡರ್ ಇಡುವ ಗಾಲಿ ಸ್ಟ್ಯಾಂಡನ್ನು ಖಾಲಿ ಮಾಡಿ ಅದರ ಮೇಲೆ ಕ್ಯಾಮೆರಾ ಕೂರಿಸಿ, ಮೈತ್ರಿ ಹೊಟ್ಟೆಯ ಮೇಲೆ ಮಲಗಿ ತಳ್ಳುತ್ತಿದ್ದಳು. ಮೈಕು ಹಿಡಿಯಲು ಯಾರೂ ಇರಲಿಲ್ಲವಾದ್ದರಿಂದ ಮಾವಿನಕಾಯಿ ಕೀಳುವ ದೋಟಿಯ ತುದಿಗೆ ಮುಂಗುಸಿಯನ್ನು ಕಟ್ಟಿ ನನ್ನ ಕೈಗೆ ಕೊಟ್ಟಳು. ಕುರ್ಚಿಯ ಮೇಲೆ ಕೂತು, ದೋಟಿಯನ್ನು ಪುಟ್ಟತಾಯಿಯ ನೆತ್ತಿಯ ಮೇಲೆ ಬಾಗಿಸಿ ಹಿಡಿಯುವುದು ನನ್ನ ಕೆಲಸ. ಕಿವಿಗೆ ಹೆಡ್‌ಫೋನ್.

ಹೆಡ್‌ಫೋನ್ ಹಾಕಿಕೊಂಡ ಆ ಕ್ಷಣವನ್ನು ಹೇಗೆ ಹೇಳಲಿ. ನನ್ನ ಬಲಗಿವಿ ಕೆಲವು ವರ್ಷದಿಂದ ಅರ್ಧ ರಜೆಯಲ್ಲಿದೆ. ಹಾಗೆಂದು ಯಾರಿಗೂ ಹೇಳಿಲ್ಲ. ಯಾರಾದರೂ ಆ ಕಡೆಯಿಂದ ಮಾತಾಡಿದರೆ ಮುಗುಳ್ನಕ್ಕು ತಲೆಯಾಡಿಸುತ್ತೇನೆ. ಇದರಿಂದ ಒಮ್ಮೆ ಒಂದು ನಾಯಿಮರಿ ಸಾಕಲು ಒಪ್ಪಿಕೊಂಡುಬಿಟ್ಟಿದ್ದೆ. ಈಗ ಆ ಕಿವಿಗೂ ಸಿಪ್ಪೆಯ ನಾರು ಹರಿಯುವ ಚರ್ರೆಂಬ ಸದ್ದು ಬಂತು. ಕಾಳು ಬೋಸಿಯಲ್ಲಿ ಪುಟಿದು ಎರಡನೆಯ ಸಲ ಬೀಳುವುದು ಕೇಳಿತು. ಪುಟ್ಟತಾಯಿಯ ಬಳೆ, ಅವಳ ಉಸಿರು, ಕಬ್ಬಿನ ಗರಿ ಗರಿಗೆ ತಾಗುವುದು. ಇವೆಲ್ಲ ಇಷ್ಟು ದಿನವೂ ಇಲ್ಲೇ ಇದ್ದವಾ? ಸರೋಜ ಹೋಗಿ ಆರು ವರ್ಷವಾಯಿತು. ಅವಳ ಮೊಮ್ಮಗಳು ನೆಲದ ಮೇಲೆ ಮಲಗಿ ಕೈಸನ್ನೆ ಮಾಡುತ್ತಿದ್ದಳು, ನನ್ನ ಕಣ್ಣು ಮಂಜಾಗಿ ದೋಟಿ ಸ್ವಲ್ಪ ಕೆಳಗಿಳಿದು ಪುಟ್ಟತಾಯಿಯ ತುರುಬಿಗೆ ಸಿಕ್ಕಿಕೊಂಡಿತು. ಕಟ್.

ಎರಡನೆಯ ಸಲ ಎಲ್ಲ ಸರಿಹೋಯಿತು. ಪುಟ್ಟತಾಯಿ ಸರಿಯಾದ ಹೊತ್ತಿಗೆ ಕೈ ನಿಲ್ಲಿಸಿ, "ಉಲೀ" ಎಂದು ಕೂಗಿದಳು. ನಾನು ತಿರುಗಿ ಗದ್ದೆಯ ಕಡೆ ನೋಡಿಯೇಬಿಟ್ಟೆ. ಆದರೆ ಅದೇ ಗಳಿಗೆಗೆ ಕಬ್ಬು ತುಂಬಿದ ಟ್ರಾಕ್ಟರೊಂದು ಸ್ಪೀಕರಿನಲ್ಲಿ ಪ್ರೇಮಗೀತೆ ಹಾಕಿಕೊಂಡು ರಸ್ತೆಯಲ್ಲಿ ಹೋಯಿತು. ಹುಲಿಗೂ ಪ್ರೇಮಗೀತೆಗೂ ಹೊಂದುವುದಿಲ್ಲ. ಇನ್ನೊಮ್ಮೆ ತೆಗೆಯೋಣ ಎಂದಳು ಮೈತ್ರಿ, ಖುಷಿಯಲ್ಲೇ. ಇನ್ನೊಂದು ಸಲ ತೆಗೆದಿದ್ದರೆ ಮುಗಿದೇಹೋಗುತ್ತಿತ್ತು.

ಮುಗಿಯಲು ಬಿಡದವಳು ನಾನು. ಮೂವತ್ತನಾಲ್ಕು ವರ್ಷ ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರುತ್ತದೆಯೇ? ಇವಳು ಉಲಿ ಅನ್ನುತ್ತಾಳಲ್ಲ, ಸಂದರ್ಶನದವರು ಎಲ್ಲೆಲ್ಲಿಯವರೋ, ಅವರಿಗೆ ಅರ್ಥವಾಗುತ್ತದೆಯೇ, ಇಡೀ ಸೀನಿನಲ್ಲಿ ಇರುವುದೇ ಒಂದು ಮಾತು, ಅದರಲ್ಲೂ ಒಂದು ಅಕ್ಷರ ಕಾಣೆ ಎಂದೆ. ಮೈತ್ರಿಯ ಮುಖ ಸಣ್ಣದಾಯಿತು. ಅವಳಿಗೆ ಅದು ಹೊಳೆದೇ ಇರಲಿಲ್ಲ. ನಾಳೆ ಮಧ್ಯಾಹ್ನದೊಳಗೆ ಇವಳಿಗೆ ಹಕಾರ ಕಲಿಸುವ ಜವಾಬ್ದಾರಿ ನನ್ನದು ಎಂದು ಘೋಷಿಸಿದೆ.

ನನಗೆ ಹಕಾರ ಕಲಿಸಿದವರು ಸಿಸ್ಟರ್ ಆಗ್ನೆಸ್. ಹೊಸಹೊಳಲಿನಿಂದ ಹೋದ ಹುಡುಗಿಗೆ ಹಕಾರ ಎಲ್ಲಿಂದ ಬರಬೇಕು? ನಮ್ಮ ಮನೆಯಲ್ಲಿ ಅಸು ಆಲು ಕೊಡುತ್ತಿತ್ತು, ಊವು ಅರಳುತ್ತಿತ್ತು. ಸಿಸ್ಟರ್ ನನ್ನ ಬಾಯಿಯ ಮುಂದೆ ಉರಿಯುವ ಮೇಣದಬತ್ತಿ ಹಿಡಿದು, ಹ್ಯಾರೀಸ್ ಹ್ಯಾಟ್ ಹ್ಯಾಸ್ ಎ ಹೋಲ್ ಎಂದು ಹೇಳು, ಒಂದೊಂದು ಹಕಾರಕ್ಕೂ ಜ್ವಾಲೆ ಬಗ್ಗಬೇಕು ಎನ್ನುತ್ತಿದ್ದರು. ನಾನು ಆರೀಸ್ ಆಟ್ ಆಸ್ ಎ ಓಲ್ ಎನ್ನುತ್ತಿದ್ದೆ. ಜ್ವಾಲೆ ಅಟೆನ್ಷನ್‌ನಲ್ಲಿ ನಿಂತ ಸಿಪಾಯಿಯ ಹಾಗೆ ಅಲ್ಲಾಡುತ್ತಿರಲಿಲ್ಲ. ಎರಡು ತಿಂಗಳು, ಅದೆಷ್ಟೋ ಮೇಣದಬತ್ತಿ. ಕೊನೆಗೆ ಬಗ್ಗಿತು. ರಜೆಗೆ ಊರಿಗೆ ಹೋಗಿ ಹಾಲು, ಹಸು, ಹೂವು ಎಂದು ಅತ್ತೆಯ ಮುಂದೆ ಒಪ್ಪಿಸಿದೆ. ಚೆಲುವತ್ತೆ ನನ್ನ ಹಣೆ ಮುಟ್ಟಿ ನೋಡಿದರು. "ಯಾಕವ್ವಾ ಅಂಗೆ ಏದುಸ್ರು ಬುಡ್ತಿದ್ದೀಯ, ಮೈಗುಸಾರಿಲ್ವಾ?" ಎಂದು ಶುಂಠಿ ಕಷಾಯ ಕಾಯಿಸಿದರು. ಅಂದಿನಿಂದ ಆ ಶನಿವಾರದವರೆಗೆ ನನ್ನ ಹಕಾರ ಒಂದು ದಿನವೂ ಕೈಕೊಟ್ಟಿರಲಿಲ್ಲ ಎಂಬುದು ನನ್ನ ಸಣ್ಣ ಗರ್ವ. ಹೈಸ್ಕೂಲಿನಲ್ಲಿ ಔಸು, ಆರ್ಸು ಎಂದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು.

ಆ ಸಂಜೆ ಪುಟ್ಟತಾಯಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಮೇಣದಬತ್ತಿ ಹಚ್ಚಿದೆ. ಕರೆಂಟು ಇದ್ದಾಗಲೇ ಯಾಕೆ ಬತ್ತಿ ಎಂದಳು. ವಿವರಿಸಿದೆ. ಅವಳು ಸೀರೆ ಸರಿಮಾಡಿಕೊಂಡು, ಒಲೆ ಊದುವ ಹೆಂಗಸಿನ ಹಾಗೆ ಎದೆತುಂಬ ಗಾಳಿ ಎಳೆದುಕೊಂಡು ಹ್ಹುಲಿ ಎಂದಳು. ಬತ್ತಿ ಆರಿಯೇ ಹೋಯಿತು. ಸಿಸ್ಟರ್ ಆಗ್ನೆಸ್ ಎರಡು ತಿಂಗಳಲ್ಲಿ ಸಾಧಿಸಿದ್ದನ್ನು ನಾನು ಎರಡು ನಿಮಿಷದಲ್ಲಿ ಸಾಧಿಸಿದ್ದೆ. ವೆರಿ ಗುಡ್ ಎಂದು ಬೆನ್ನು ತಟ್ಟಿದೆ.

ಭಾನುವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು, "ಟೀಚರಮ್ಮಾ, ಹವರೆಕಾಯಿ ಹೆಲ್ಲಿಡ್ಲಿ?" ಎಂದಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ಹಕಾರ ಬಂದಿತ್ತು. ಎಲ್ಲ ಕಡೆಗೂ ಬಂದಿತ್ತು. ತನ್ನ ಮನೆಯಲ್ಲಿ ರಾತ್ರಿಯೆಲ್ಲ ಹನ್ನ, ಹುಪ್ಪು ಎಂದು ಗಂಡನನ್ನು ಪೀಡಿಸಿದಳಂತೆ. ಟೇಕ್ ಶುರುವಾಯಿತು. ಗಿಣಿ ಸುಮ್ಮನಾದವೆಂದು ಮೈತ್ರಿ ಸನ್ನೆ ಮಾಡುವ ಹೊತ್ತಿಗೆ ಪುಟ್ಟತಾಯಿ ಕೈ ನಿಲ್ಲಿಸಿ, ನೆಟ್ಟಗೆ ಕೂತು, ಕತ್ತು ಎತ್ತಿ, ಗಾಳಿ ಎಳೆದುಕೊಂಡು ಹ್ಹುಲಿ ಎನ್ನುತ್ತಿದ್ದಳು, ಪಾಠ ಒಪ್ಪಿಸಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಸರಿಯಾ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಹುಲಿ ಇತ್ತು, ಹಕಾರ ಇತ್ತು, ಭಯ ಇರಲಿಲ್ಲ. ಎರಡು, ಮೂರು, ಐದು, ಎಂಟು. ಮೊದಲಿನ ಹಾಗೆಯೇ ಉಲಿ ಎಂದುಬಿಡು ಎಂದು ಮೈತ್ರಿ ಬೇಡಿಕೊಂಡಳು. ಆದರೆ ಪುಟ್ಟತಾಯಿ ಈಗ ಅದನ್ನು ಯೋಚಿಸಿ ಹೇಳುತ್ತಿದ್ದಳು. ಯೋಚಿಸಿ ಹೇಳಿದ ಮಾತು ಯಾವ ಹುಲಿಯನ್ನೂ ಕರೆತರುವುದಿಲ್ಲ. ಹುಡುಗಿ ನೆಲದ ಮೇಲೆ ಮಲಗಿದಲ್ಲೇ ಕೈಮೇಲೆ ಗಲ್ಲ ಊರಿದಳು. ಮಧ್ಯಾಹ್ನ ಮೂರು ದಾಟಿತ್ತು, ಬಿಸಿಲು ಹೊಸಿಲಿನಿಂದ ಜಾರುತ್ತಿತ್ತು. ಅವಳ ಸೀಟನ್ನು ನಾನೇ ಕೈಯಾರೆ ತಿದ್ದಿ ಕೆಡಿಸಿದ್ದೆ, ಕೆಂಪು ಶಾಯಿಯಲ್ಲಿ.

"ಕೊನೇದು," ಎಂದಳು ಮೈತ್ರಿ. ನಾನು ದೋಟಿ ಎತ್ತಿದೆ.

ಕಾಳು ಬೀಳುತ್ತಿತ್ತು. ಗಾಲಿ ಸ್ಟ್ಯಾಂಡು ಇರುವೆಯ ಹಾಗೆ ಹೊರಟಿತು. ಕಿವಿಯಲ್ಲಿ ಗರಿಗಳ ಸದ್ದು. ಆ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿತು, ಯಾರೋ ಒಣಗಿದ ಎಲೆಯ ಮೇಲೆ ಭಾರವಾದ ಮೆತ್ತನೆಯ ಹೆಜ್ಜೆ ಇಟ್ಟ ಹಾಗೆ. ಗಿಣಿಗಳು ನಿಜವಾಗಿಯೇ ಸುಮ್ಮನಾದವು. ಕಣ್ಣೆತ್ತಿದೆ. ಕಬ್ಬಿನ ಸಾಲುಗಳ ನಡುವೆ ಹಳದಿ, ಅದರ ಮೇಲೆ ಕಪ್ಪು ಪಟ್ಟೆ. ಗರಿಗಳ ಸಂದಿನಲ್ಲಿ ಒಮ್ಮೆ ಕಂಡು ಮರೆಯಾಗಿ, ಮತ್ತೆ ಕಂಡಿತು. ಹಿತ್ತಲ ಕಡೆಗೇ ಬರುತ್ತಿತ್ತು. ಪುಟ್ಟತಾಯಿಗೂ ಕಂಡಿತು. ಆ ದೊಡ್ಡ ಗಂಟಲಿನ ಹೆಂಗಸು ಬಾಯಿ ತೆರೆದಳು, ಒಂದು ಸ್ವರವೂ ಬರಲಿಲ್ಲ. ಬೋಸಿ ಕೈಜಾರಿ ಉರುಳಿತು.

ಆಗ ಒಂದು ಕೂಗು ಕೇಳಿಸಿತು. ಹೆಡ್‌ಫೋನಿನಲ್ಲಿ ಕೇಳಿಸಿದ್ದರಿಂದ ಅದು ಬೇರೆ ಯಾರದೋ ಎಂದೇ ನಾನು ತಿಳಿದೆ. "ಉಲಿ ಕಣೇ! ಉಲಿ! ಎದ್ದೋಡೇ ಪುಟ್ಟೀ!"

ಹೊಸಹೊಳಲಿನ ಹತ್ತು ವರ್ಷದ ಹುಡುಗಿ ಕೂಗಿದ್ದಳು. ನನ್ನ ಬಾಯಿಂದಲೇ.

ದೋಟಿ ಬಿಸಾಡಿ, ಪುಟ್ಟತಾಯಿಯ ರಟ್ಟೆ ಹಿಡಿದು ಎಳೆದು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಉಗ್ರಾಣದೊಳಗೆ ಸೇರಿದೆವು. ಮೈತ್ರಿ ಓಡಲಿಲ್ಲ. ನಾನು ಕೂಗಿದ್ದು ಸೀನನ್ನು ಉಳಿಸಲು ಮಾಡಿದ ಉಪಾಯವೆಂದು ತಿಳಿದು, ಉಸಿರು ಬಿಗಿಹಿಡಿದು ಕ್ಯಾಮೆರಾವನ್ನು ಹೊಸಿಲವರೆಗೂ ತಳ್ಳಿ ನಿಲ್ಲಿಸಿದಳಂತೆ. ಆಮೇಲೆ ಎದ್ದು ನೋಡಿದರೆ ಹುಲಿ ಎರಡು ಕಾಲಿನಲ್ಲಿ ಬದುವಿನ ಮೇಲೆ ನಿಂತಿತ್ತು. ಪಕ್ಕದ ಮನೆಯ ಸಾಕಮ್ಮ ನಾಲೆಯಲ್ಲಿ ಒಗೆದ ರಗ್ಗನ್ನು ತಲೆಯ ಮೇಲಿಂದ ಬೆನ್ನವರೆಗೆ ಇಳಿಬಿಟ್ಟು ಹೊತ್ತುಕೊಂಡು ಬರುತ್ತಿದ್ದರು. ಆ ರಗ್ಗು ನಿಮಗೂ ಗೊತ್ತು. ಹಳದಿ ಬಣ್ಣದ ದೊಡ್ಡ ಹುಲಿಯೊಂದು ಬಾಯಿ ತೆರೆದಿರುವ ಚಿತ್ರದ್ದು, ನಮ್ಮ ತಾಲ್ಲೂಕಿನಲ್ಲಿ ಅದಿಲ್ಲದ ಮನೆಯಿಲ್ಲ. ನನ್ನ ಬೀರುವಿನಲ್ಲೂ ಒಂದಿದೆ. ನನ್ನ ಕೂಗಿಗೆ ಹೆದರಿ ಸಾಕಮ್ಮ ತಾವೂ ಉಲಿ ಎಂದು ಕೂಗಿಕೊಂಡು, ರಗ್ಗನ್ನು ಅಲ್ಲೇ ಬಿಟ್ಟು ಓಡಿದರು.

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಹೊರಗೆ ಬಂದಾಗ ಮೈತ್ರಿ ತೆಗೆದದ್ದನ್ನು ಹಾಕಿ ನೋಡುತ್ತಿದ್ದಳು. ನಗುತ್ತಿರಲಿಲ್ಲ. ನಮಗೂ ತೋರಿಸಿದಳು. ಕೈ, ಬೋಸಿ, ಹೊಸಿಲು. ಗಿಣಿಗಳ ಗಲಾಟೆ ತಟ್ಟನೆ ನಿಂತಿತು. ಬೋಸಿ ಉರುಳಿ, ಕಾಳುಗಳು ಹೊಸಿಲು ದಾಟಿ ಬಿಸಿಲಿಗೆ ಚೆಲ್ಲಿದವು. ಕ್ಯಾಮೆರಾದ ಹಿಂದಿನಿಂದ, ಕಾಣದ ಕಡೆಯಿಂದ ಆ ಕೂಗು ಬಂತು. ಹುಲಿ ರಗ್ಗೆಂದು ಗೊತ್ತಿದ್ದೂ ಪುಟ್ಟತಾಯಿ ನನ್ನ ಕೈ ಹಿಡಿದುಕೊಂಡಳು.

ಸೀನ್ ಸಿಕ್ಕಿತು ದೊಡ್ಡಜ್ಜಿ ಎಂದಳು ಮೈತ್ರಿ. ನನಗೆ ಮಾತ್ರ ಕಿವಿ ಬಿಸಿಯಾಗಿತ್ತು. ಕೂಗನ್ನು ಬೇರೆಯವರಿಂದ ಡಬ್ ಮಾಡಿಸು ಎಂದೆ. ಈ ಪೇಟೆಯ ಅರ್ಧಕ್ಕರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ಬೆಂಚಿನ ಮೇಲೆ ನಿಂತವರಲ್ಲಿ ಒಬ್ಬ ಈಗ ಹೆಡ್‌ಮಾಸ್ಟರು. ಅವರೆಲ್ಲ ಇದನ್ನು ಕೇಳಿದರೆ ನಾನು ತಲೆಯೆತ್ತಿ ತರಕಾರಿ ಅಂಗಡಿಗೆ ಹೋಗುವುದು ಹೇಗೆ?

"ನಾಳೆ ಹನ್ನೆರಡು ಗಂಟೆ ದೊಡ್ಡಜ್ಜಿ. ನಿಮ್ಮ ಹಕಾರ ಇರಬೇಕೋ, ನನ್ನ ಸೀಟು ಇರಬೇಕೋ, ಹೇಳಿಬಿಡಿ."

ನೆಲದಲ್ಲಿ ಕಾಳು ಆರಿಸುತ್ತಿದ್ದ ಪುಟ್ಟತಾಯಿ ತಲೆಯೆತ್ತದೆ, "ಆ ಅಕ್ಷರಕ್ಕೆ ಉಸ್ರು ಬೇಕಲ್ವ್ರಾ ಟೀಚರಮ್ಮ. ಎದ್ರುಕಂಡೋರತ್ರ ಉಸ್ರೆಲ್ಲಿ ಇದ್ದದು?" ಎಂದಳು. ಮೇಣದಬತ್ತಿಯ ಮುಂದೆ ಎರಡು ತಿಂಗಳು ನಿಂತವಳಿಗೆ ಹೊಳೆಯದ ಮಾತು. ಕಳಿಸಮ್ಮ ಎಂದೆ ಮೈತ್ರಿಗೆ. ಸೋಮವಾರ ಹನ್ನೊಂದೂವರೆಗೆ ಕಳಿಸಿದಳು.

ಮೂರು ವಾರದ ಮೇಲೆ ಅವಳ ಫೋನು ಬಂತು. ಸ್ಪೀ­ಕರ್ ಹಾಕಿದೆ, ಪುಟ್ಟತಾಯಿಯೂ ಕೇಳಲೆಂದು. ಸಂದರ್ಶನದಲ್ಲಿ, ಹೋದ ವರ್ಷ ಕಣ್ಣು ಮುಚ್ಚಿಕೊಂಡರೆ ಏನೂ ಇಲ್ಲ ಎಂದಿದ್ದವರೇ ಮೊದಲು ಕಣ್ಣು ಮುಚ್ಚಿಕೊಂಡು ಸೀನ್ ಪೂರ್ತಿ ಕೇಳಿದರಂತೆ. ಆಮೇಲೆ ಕಣ್ಣು ತೆರೆದು ನೋಡಿದರಂತೆ. ಕೊನೆಗೆ ಕನ್ನಡಕ ಒರೆಸಿಕೊಂಡು, ಉಲಿ ಅಂದರೆ ಹಳಗನ್ನಡದಲ್ಲಿ ಸದ್ದು ಅಲ್ಲವೇನಮ್ಮ, ಕಣ್ಣಿಗೆ ಹುಲಿಯನ್ನು ತೋರಿಸದೆ ಸದ್ದನ್ನೇ ಹುಲಿ ಮಾಡಿ, ಆ ಮಾತನ್ನೇ ಕೂಗಿಸಿದ್ದೀಯಲ್ಲ, ಇದು ಯಾರ ತಲೆ ಎಂದು ಕೇಳಿದರಂತೆ. ಮೈತ್ರಿ, ನಮ್ಮ ದೊಡ್ಡಜ್ಜಿದು ಸರ್, ರಿಟೈರ್ಡ್ ಟೀಚರ್ ಎಂದಳಂತೆ. ಸೀಟು ಸಿಕ್ಕಿತ್ತು. ಜೂನ್‌ನಲ್ಲಿ ಸೇರಬೇಕು. ಅವಳಪ್ಪ ಬ್ಯಾಂಕಿನ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟರಂತೆ.

"ನಿಜ ಹೇಳಿ ದೊಡ್ಡಜ್ಜಿ," ಎಂದಳು ಮೈತ್ರಿ. "ಆವತ್ತು ನೀವು ಅದನ್ನ ಬೇಕಂತಲೇ ಅಂದ್ರಾ?"

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಏಳು ವರ್ಷ ಕಲಿಸಿದ್ದಾರೆ. ಬೆನ್ನು ನೆಟ್ಟಗೆ ಮಾಡಿಕೊಂಡು ಫೋನಿನ ಹತ್ತಿರ ಬಾಗಿ, "ಹೌದು ಮೈ ಡಿಯರ್," ಎಂದೆ.

ಪುಟ್ಟತಾಯಿ ನನ್ನ ಮುಖವನ್ನೇ ನೋಡಿದಳು.

"ಸುಳ್ಳೇಳುವಾಗ ಮಾತ್ರ," ಎಂದಳು, "ಆ ಅಕ್ಷರ ಎಷ್ಟು ಚೆಂದಾಗಿ ಬತ್ತದೆ ನಿಮ್ಗೆ."